ಶತರಂಜ್ ಕೇ ಖಿಲಾಡಿ: ನಿಧಾನದ ಸಿನಿಮಾ ಅಂತ ಹೆದರಿದವರಿಗೆ

ಇಬ್ಬರು ಜಹಗೀರುದಾರರು ಕೂತು ಚದುರಂಗ ಆಡುತ್ತಾರೆ. ಹೊರಗೆ ರಾಜ್ಯ ಕೈತಪ್ಪಿ ಹೋಗುತ್ತದೆ. ಇವರು ಆಡುತ್ತಲೇ ಇರುತ್ತಾರೆ. ಎರಡು ಗಂಟೆ ಸಿನಿಮಾದ ಕತೆ ಇಷ್ಟೇ ಅಂತ ಯಾರಾದರೂ ಹೇಳಿದರೆ ನೀವೇನು ಮಾಡ್ತೀರೋ ಗೊತ್ತಿಲ್ಲ, ನಾನಂತೂ ಮುಂದಕ್ಕೆ ಹಾಕಿದೆ. ಆಮೇಲೆ ನೋಡೋಣ, ರಜೆ ಬರಲಿ, ಮನಸ್ಸು ಸರಿ ಇರುವಾಗ ನೋಡೋಣ ಅಂತ ಹಾಕುತ್ತಲೇ ಬಂದೆ.

ಸತ್ಯಜಿತ್ ರಾಯ್ 1977ರಲ್ಲಿ ಮಾಡಿದ ಚಿತ್ರ ಇದು. ಪ್ರೇಮಚಂದ್ 1924ರಲ್ಲಿ ಬರೆದ ಸಣ್ಣಕತೆಯನ್ನು ಹಿಡಿದು ಮಾಡಿದ್ದು. ಅಲ್ಲಿಯವರೆಗೆ ಹೆಚ್ಚುಕಮ್ಮಿ ಬಂಗಾಳಿಯಲ್ಲೇ ಕೆಲಸ ಮಾಡುತ್ತಿದ್ದ ರಾಯ್ ಮೊದಲ ಸಲ ಉರ್ದು ಮಾತಾಡುವ ಜನರ ಕಡೆ ತಿರುಗಿದರು, ಆ ಭಾಷೆ ತಮಗೆ ಬಾರದಿದ್ದರೂ. ಚಿತ್ರಕತೆ ಬರೆದದ್ದು ಇಂಗ್ಲಿಷಿನಲ್ಲಿ, ಉರ್ದು ಮಾತುಗಳನ್ನು ಕೊಟ್ಟದ್ದು ಶಮಾ ಜೈದಿ ಮತ್ತು ಜಾವೇದ್ ಸಿದ್ದಿಕಿ. ಇದನ್ನು ಓದಿದಾಗ ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು. ಲಖನೌ ಅಂದರೆ ಮಾತಿನ ಊರು. ಮಾತು ಗೊತ್ತಿಲ್ಲದ ನಿರ್ದೇಶಕ ಅಲ್ಲಿ ಹೋಗಿ ಏನು ಮಾಡುತ್ತಾನೆ? ಚೆಂದದ ಗೋಡೆ, ಚೆಂದದ ಜರತಾರಿ, ಚೆಂದದ ಹುಕ್ಕಾ ತೋರಿಸುತ್ತಾನೆ, ನಾವು ಆಕಳಿಸುತ್ತಾ ಕೂರಬೇಕು ಅಂದುಕೊಂಡೆ.

ಇನ್ನೊಂದು ಅನುಮಾನ ಅಮ್ಜದ್ ಖಾನ್ ಬಗ್ಗೆ. ಲಖನೌ ರಾಜಧಾನಿಯಾಗಿದ್ದ ಅವಧ ರಾಜ್ಯದ ಕೊನೆಯ ದೊರೆ ವಾಜಿದ್ ಅಲಿ ಶಾಹನ ಪಾತ್ರ ಅವರದ್ದು. ಕವಿ, ಹಾಡುಗಾರ, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದ ದೊರೆ. ಅದಕ್ಕೆ ಗಬ್ಬರ್ ಸಿಂಗಾ? ‘ಶೋಲೆ’ ಬಂದು ಆಗಿನ್ನೂ ಎರಡೇ ವರ್ಷ. ಇನ್ನೂ ತಮಾಷೆ ಏನಂದರೆ ಇಲ್ಲಿ ಅದೇ ‘ಶೋಲೆ’ಯ ನಾಲ್ಕು ಜನ ಇದ್ದಾರೆ. ಠಾಕೂರ್ ಆಗಿದ್ದ ಸಂಜೀವ್ ಕುಮಾರ್ ಇಲ್ಲಿ ಚದುರಂಗದ ಹುಚ್ಚಿನ ಮಿರ್ಜಾ. ಮೌಸಿ ಆಗಿದ್ದ ಲೀಲಾ ಮಿಶ್ರಾ ಮಿರ್ಜಾನ ಮನೆಯ ಕೆಲಸದವಳು. ಅಮಿತಾಭ್ ಬಚ್ಚನ್ ತೆರೆಯ ಮೇಲೆ ಬರೋದೇ ಇಲ್ಲ, ನಿರೂಪಣೆಯ ದನಿ ಮಾತ್ರ ಅವರದ್ದು. ಕುದುರೆ, ರೈಲು, ಗುಂಡಿನ ಚಕಮಕಿಯಲ್ಲಿ ದೇಶವನ್ನೇ ಅಲ್ಲಾಡಿಸಿದ ಆ ಮಂದಿಯನ್ನು ಕರೆತಂದು ರಾಯ್ ಸುಮ್ನೆ ಕೂರಿಸಿಬಿಟ್ಟಿದ್ದಾರೆ.

ಶುರುವಾಗುವುದು ಹಾಗೇ. ಚದುರಂಗದ ಹಾಸು, ಅದರ ಮೇಲೆ ಕಾಯಿಗಳು. ಪಕ್ಕದಿಂದ ಒಂದು ಕೈ ಬರುತ್ತದೆ, ಕಾಯಿ ನಡೆಸಿ ಹಿಂದೆ ಸರಿಯುತ್ತದೆ. ಇನ್ನೊಂದು ಕೈ ಬರುತ್ತದೆ. ಮುಖ ಕಾಣೋದಿಲ್ಲ. ಬಚ್ಚನ್ ದನಿ ಈ ಇಬ್ಬರು ಸೇನಾಪತಿಗಳ ಪರಿಚಯ ಮಾಡಿಕೊಡುತ್ತದೆ, ಆ ದನಿಯಲ್ಲೇ ಒಂದು ಕುಹಕ ಇದೆ. ಆಮೇಲೆ ಲಖನೌ: ಗಾಳಿಪಟ, ಪಾರಿವಾಳ, ಕೋಳಿ ಅಂಕ, ಕೃಷ್ಣನ ವೇಷ ಹಾಕಿದ ದೊರೆ. ಇದರ ಬೆನ್ನಿಗೇ ಒಂದು ಕಾರ್ಟೂನು! ಐತಿಹಾಸಿಕ ಚಿತ್ರದ ನಡುವೆ ಕಾರ್ಟೂನು ಬರುತ್ತದೆ ಅಂತ ಯಾರು ತಾನೇ ಎಣಿಸುತ್ತಾರೆ? ಗವರ್ನರ್ ಜನರಲ್ ಡಾಲ್‌ಹೌಸಿ ಒಂದು ಪತ್ರದಲ್ಲಿ ಅವಧವನ್ನು ಚೆರ್ರಿ ಹಣ್ಣಿಗೆ ಹೋಲಿಸಿ, ಇದು ಒಂದು ದಿನ ನಮ್ಮ ಬಾಯಿಗೇ ಬೀಳುತ್ತದೆ ಅನ್ನೋ ಅರ್ಥದಲ್ಲಿ ಬರೆದಿದ್ದ. ರಾಯ್ ಆ ಮಾತನ್ನೇ ಹಿಡಿದು ಪಂಜಾಬ್, ಬರ್ಮಾ, ಸತಾರಾ, ಝಾನ್ಸಿ ಎಲ್ಲವನ್ನೂ ಹಣ್ಣು ಮಾಡಿ, ಒಂದೊಂದಾಗಿ ನುಂಗಿಸುತ್ತಾರೆ. ಇಂಗ್ಲಿಷರ ದುರಾಸೆಯ ಬಗ್ಗೆ ಭಾಷಣ ಇಲ್ಲ. ಹಣ್ಣು ತಿನ್ನುವ ಬಾಯಿ ಇದೆ ಅಷ್ಟೇ.

ಆದರೂ ಮೊದಲ ಅರ್ಧ ಗಂಟೆ ನಾನು ಕೈಕಟ್ಟಿಕೊಂಡೇ ಕೂತಿದ್ದೆ. ನಿರೂಪಣೆ ಸ್ವಲ್ಪ ಪಾಠದ ಪುಸ್ತಕದ ಹಾಗೆ ಇದೆ. ಅವಧದ ನವಾಬರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ಒಪ್ಪಂದ, ಕೊಟ್ಟ ಸಾಲ, ಬಿಟ್ಟುಕೊಟ್ಟ ನೆಲ, ಎಲ್ಲ ಒಂದೇ ಉಸಿರಿಗೆ ಬಂದುಬಿಡುತ್ತದೆ. ಗೊತ್ತಿದ್ದವರಿಗೆ ಇದು ಬೇಡ, ಗೊತ್ತಿಲ್ಲದವರಿಗೆ ಇಷ್ಟು ಸಾಲದು. ಸಂಕ್ಷಿಪ್ತವಾಗಿ ನಾನೇ ಹೇಳಿಬಿಡುತ್ತೇನೆ, ನೋಡುವಾಗ ಅನುಕೂಲ ಆಗುತ್ತದೆ. 1764ರಲ್ಲಿ ಬಕ್ಸರ್ ಯುದ್ಧದಲ್ಲಿ ಸೋತ ಮೇಲೆ ಅವಧ ಕಂಪನಿಯ ಹಿಡಿತಕ್ಕೆ ಬಿತ್ತು. 1801ರ ಒಪ್ಪಂದದಲ್ಲಿ ಹೆಚ್ಚುಕಮ್ಮಿ ಅರ್ಧ ರಾಜ್ಯ ಹೋಯಿತು. ಉಳಿದದ್ದಕ್ಕೆ ನವಾಬನೇ ದೊರೆ, ಆದರೆ ಪಕ್ಕದಲ್ಲಿ ಕಂಪನಿಯ ರೆಸಿಡೆಂಟ್, ಅಂದರೆ ಅದರ ಪ್ರತಿನಿಧಿ. ಸೈನ್ಯ ಅವರದ್ದು, ಖರ್ಚು ಇವರದ್ದು. ವಾಜಿದ್ ಅಲಿ ಪಟ್ಟಕ್ಕೆ ಬಂದದ್ದು 1847ರಲ್ಲಿ. 1856ರ ಫೆಬ್ರವರಿಯಲ್ಲಿ ಆಡಳಿತ ಸರಿಯಿಲ್ಲ ಅನ್ನುವ ನೆಪ ಹೇಳಿ ಉಳಿದದ್ದನ್ನೂ ತೆಗೆದುಕೊಂಡರು. ಸಿನಿಮಾ ನಡೆಯುವುದು ಆ ಕೊನೆಯ ಕೆಲವು ದಿನಗಳಲ್ಲಿ.

ನನಗೆ ಸಿನಿಮಾ ಮೊದಲು ಹಿಡಿಸಿದ್ದು ಒಂದು ನಗುವಿನ ಜಾಗದಲ್ಲಿ. ಮಿರ್ಜಾನ ಹೆಂಡತಿ ಖುರ್ಷಿದ್ ಗಂಡನ ಈ ಆಟದಿಂದ ರೋಸಿಹೋಗಿದ್ದಾಳೆ. ಶಬಾನಾ ಆಜ್ಮಿ ಈ ಪಾತ್ರದಲ್ಲಿದ್ದಾರೆ. ತಲೆನೋವು ಅಂತ ಸುಳ್ಳು ಹೇಳಿ ಗಂಡನನ್ನು ಒಳಗೆ ಕರೆಸಿಕೊಳ್ಳುತ್ತಾಳೆ. ಅವನು ಬರುತ್ತಾನೆ, ಆದರೆ ಅವನ ಮನಸ್ಸು ಹೊರಗಿನ ಕೋಣೆಯಲ್ಲಿ, ಅರ್ಧಕ್ಕೆ ನಿಂತ ಆಟದ ಮೇಲೆ. ಮುಂದೆ ಆಗಬೇಕಾದದ್ದು ಆಗುವುದಿಲ್ಲ. ಸಿಟ್ಟಿನಲ್ಲಿ ಅವಳು ಕಾಯಿಗಳನ್ನೇ ಮಾಯ ಮಾಡುತ್ತಾಳೆ. ಆಡದೆ ಇವರಿಗೆ ಹೊತ್ತು ಹೋಗೋದಿಲ್ಲ. ಪರಿಚಯದ ವಕೀಲರ ಮನೆಗೆ ಹೋಗುತ್ತಾರೆ, ಅವರ ಹತ್ತಿರ ಒಂದು ಜೊತೆ ಕಾಯಿ ಇದೆ ಅಂತ. ವಕೀಲರು ಒಳಗೆ ಕೊನೆಯುಸಿರು ಎಳೆಯುತ್ತಿದ್ದಾರೆ. ಇವರು ಹೊರಗಿನ ಕೋಣೆಯಲ್ಲಿ ಕೂತಿದ್ದಾರೆ, ಮೂಲೆಯಲ್ಲಿ ಚದುರಂಗದ ಹಾಸು ಕಾಣುತ್ತಿದೆ. ಮುಖದಲ್ಲಿ ಮರುಕ, ಕಣ್ಣು ಮಾತ್ರ ಆ ಕಡೆಗೆ. ಇಬ್ಬರ ಆ ಕಳ್ಳನೋಟ ಇದೆಯಲ್ಲ, ಅದನ್ನು ಅವಸರದ ಸಿನಿಮಾದಲ್ಲಿ ತೋರಿಸೋಕೆ ಆಗೋದೇ ಇಲ್ಲ. ನಾವು ಅವರ ಜೊತೆ ಸುಮ್ನೆ ಕಾಯಬೇಕು. ಕಾದರೆ ಮಾತ್ರ, ಛೆ ಎಂಥಾ ಮನುಷ್ಯರಪ್ಪಾ ಇವರು ಅಂತ ನಗು ಬರುತ್ತದೆ, ನಗುತ್ತಿದ್ದೀನಲ್ಲ ಅಂತ ಕಸಿವಿಸಿಯೂ ಆಗುತ್ತದೆ.

ವಕೀಲರ ಮನೆಯಿಂದ ಬರಿಗೈಯಲ್ಲಿ ವಾಪಸ್ಸು. ಕಾಯಿ ಸಿಗಲಿಲ್ಲ ಅಂತ ಆಟ ನಿಲ್ಲುತ್ತಾ? ಟೊಮೇಟೊ, ನಿಂಬೆಹಣ್ಣು, ಮೆಣಸಿನಕಾಯಿ ತರಿಸಿ ಅವನ್ನೇ ಹಾಸಿನ ಮೇಲೆ ಜೋಡಿಸುತ್ತಾರೆ. ಇದು ಆನೆ, ಇದು ಕುದುರೆ, ಇದು ರಾಜ. ಅದನ್ನು ಹೇಳುವಾಗ ಇಬ್ಬರ ಮುಖದಲ್ಲಿ ಒಂದಿಷ್ಟೂ ನಗು ಇಲ್ಲ, ರಾಜತಾಂತ್ರಿಕ ಮಾತುಕತೆ ನಡೆಯುತ್ತಿದೆ ಅನ್ನೋ ಗಾಂಭೀರ್ಯ. ಮೀರ್ ರೋಶನ್ ಅಲಿಯಾಗಿ ಸಯೀದ್ ಜಾಫ್ರಿ ಇದ್ದಾರೆ. ಅವರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸಂಜೀವ್ ಕುಮಾರ್ ಮೈ ಪೂರ್ತಿ ಸೋಮಾರಿ, ದಿಂಬಿಗೆ ಒರಗಿದರೆ ಎದ್ದೇಳುವ ಲಕ್ಷಣ ಇಲ್ಲ. ಜಾಫ್ರಿ ಹಾಗಲ್ಲ. ಸಣ್ಣಗೆ ಪುಟಿಯುತ್ತಿರುವ ಮನುಷ್ಯ, ಹುಬ್ಬು, ಬೆರಳು, ಕತ್ತು ಎಲ್ಲವೂ ಮಾತಾಡುತ್ತವೆ. ಒಬ್ಬ ಯೋಚಿಸುತ್ತಿರುವಾಗ ಇನ್ನೊಬ್ಬ ಹುಕ್ಕಾದ ನಳಿಗೆ ಎಳೆದುಕೊಂಡು ಮೀಸೆಯಲ್ಲೇ ನಗುವುದು, ಕಾಯಿ ಹೊಡೆಯುವಾಗ ಕ್ಷಮೆ ಕೇಳುವ ಹಾಗೆ ಹೊಡೆಯುವುದು, ಎಷ್ಟು ನಯ! ಮೀರ್ ಸಾಹೇಬ್, ಮಿರ್ಜಾ ಸಾಹೇಬ್ ಅನ್ನದೆ ಒಂದು ಮಾತು ಮುಗಿಯುವುದಿಲ್ಲ. ಭಾಷೆ ಗೊತ್ತಿಲ್ಲದ ನಿರ್ದೇಶಕನ ಬಗ್ಗೆ ನನಗಿದ್ದ ಅನುಮಾನ ಇಲ್ಲೇ ಕರಗಿತು. ರಾಯ್ ಉರ್ದುವನ್ನು ಕಿವಿಯಿಂದ ಅಲ್ಲ, ಕಣ್ಣಿಂದ ಹಿಡಿದಿದ್ದಾರೆ ಅನ್ನಿಸಿತು. ಮಾತಿಗೆ ಮುಂಚೆ ಕೈ ಎಲ್ಲಿಗೆ ಹೋಗುತ್ತದೆ, ಮಾತಾದ ಮೇಲೆ ಕಣ್ಣು ಎಲ್ಲಿ ನಿಲ್ಲುತ್ತದೆ, ಅದೆಲ್ಲ ಲೆಕ್ಕಾಚಾರವಾಗಿ ಬಂದಿದೆ.

ಆಮೇಲೆ ಒಬ್ಬರು ಮುನ್ಷಿ ನಂದಲಾಲ್ ಅಂತ ಬರುತ್ತಾರೆ, ಡೇವಿಡ್ ಮಾಡಿರುವ ಪಾತ್ರ. ಕಂಪನಿ ಅವಧವನ್ನು ನುಂಗಲಿದೆಯಂತೆ ಅನ್ನೋ ಸುದ್ದಿ ತರುತ್ತಾರೆ. ಇವರಿಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಅವರು ಹೇಳುವ ಇನ್ನೊಂದು ವಿಷಯ: ಇಂಗ್ಲಿಷರ ಚದುರಂಗದ ಪದ್ಧತಿ. ಅವರಲ್ಲಿ ಮಂತ್ರಿಯ ಜಾಗದಲ್ಲಿ ರಾಣಿ. ಕಾಲಾಳು ಮೊದಲ ನಡೆಯಲ್ಲೇ ಎರಡು ಮನೆ ಹೋಗಬಹುದು. ಯಾಕೆ ಹೀಗೆ? ಆಟ ಬೇಗ ಮುಗಿಯಲಿ ಅಂತ. ನಮ್ಮ ಆಟ ಅವರಿಗೆ ತೀರಾ ನಿಧಾನ.

ಇಲ್ಲಿ ನಾನು ಒಂದು ನಿಮಿಷ ಸಿನಿಮಾ ನಿಲ್ಲಿಸಿದೆ. ಅಲ್ಲಿವರೆಗೂ ನಾನು ಒಳಗೊಳಗೇ ಗೊಣಗುತ್ತಿದ್ದದ್ದು ಇದನ್ನೇ ತಾನೇ? ನಿಧಾನ, ಬೇಗ ಮುಗಿಸಬಾರದಾ ಅಂತ. ಡಾಲ್‌ಹೌಸಿಯ ಕಾಲದಲ್ಲೇ, 1853ರಲ್ಲಿ, ಈ ದೇಶದಲ್ಲಿ ಪ್ರಯಾಣಿಕರ ರೈಲು ಶುರುವಾಯಿತು. ತಂತಿಯೂ ಅದೇ ಹೊತ್ತಿಗೆ ಬಂತು. ಬೇಗ ಹೋಗುವವರು, ಬೇಗ ಸುದ್ದಿ ಕಳಿಸುವವರು ಒಂದು ಕಡೆ. ಮಧ್ಯಾಹ್ನ ಇಡೀ ಒಂದು ನಡೆ ಯೋಚಿಸುತ್ತಾ ಕೂರುವವರು ಇನ್ನೊಂದು ಕಡೆ. ರಾಯ್ ನಮ್ಮನ್ನು ಎರಡು ಗಂಟೆ ನಿಧಾನದವರ ಪಕ್ಕದಲ್ಲೇ ಕೂರಿಸುತ್ತಾರೆ. ಅವರ ಸುಖ ನಮಗೂ ಹಿಡಿಸುವ ಹಾಗೆ ಕೂರಿಸುತ್ತಾರೆ. ಆ ಸುಖದಲ್ಲಿ ಮೈಮರೆತ ಹೊತ್ತಿಗೆ ಊರಾಚೆ ಸೈನ್ಯ ಬಂದು ನಿಂತಿರುತ್ತದೆ. ಸಿನಿಮಾ ನಿಧಾನ ಅಂತ ದೂರುವವರಿಗೆ ನನ್ನ ಉತ್ತರ ಇದೇ. ಹೌದು, ನಿಧಾನ. ಆದರೆ ಇಲ್ಲಿ ನಿಧಾನ ಅನ್ನೋದೇ ಕತೆ. ಇದನ್ನು ಚುರುಕಾಗಿ ಕತ್ತರಿಸಿ ತೊಂಬತ್ತು ನಿಮಿಷಕ್ಕೆ ಇಳಿಸಿದರೆ ಇಬ್ಬರು ಮೂರ್ಖರ ಕತೆ ಮಾತ್ರ ಉಳಿಯುತ್ತದೆ. ಅವರು ಕಳೆದುಕೊಂಡದ್ದು ಏನು ಅನ್ನೋದು ಗೊತ್ತಾಗೋದೇ ಇಲ್ಲ.

ಇನ್ನು ಅಮ್ಜದ್ ಖಾನ್. ಅಯ್ಯೋ, ಎಂಥ ಆಶ್ಚರ್ಯ! ಗಬ್ಬರ್‌ನ ಸುಳಿವೂ ಇಲ್ಲ. ಅದೇ ದೊಡ್ಡ ಮೈ, ಆದರೆ ಅದರೊಳಗೆ ಮೆತ್ತಗಿನ, ನೊಂದ, ಸ್ವಲ್ಪ ಹಟಮಾರಿ ಕಲಾವಿದ ಕೂತಿದ್ದಾನೆ. ಒಂದು ದೃಶ್ಯ ಹೇಳ್ತೀನಿ. ಆಸ್ಥಾನದಲ್ಲಿ ಕಥಕ್ ನಡೆಯುತ್ತಿದೆ. ಕುಣಿಯುತ್ತಿರುವುದು ಶಾಶ್ವತಿ ಸೇನ್, ನೃತ್ಯ ಸಂಯೋಜನೆ ಬಿರ್ಜು ಮಹಾರಾಜರದ್ದು, ಹಾಡೂ ಅವರದ್ದೇ ದನಿ. ಬಿರ್ಜು ಮಹಾರಾಜರ ಮನೆತನದ ಹಿರಿಯರು ಇದೇ ವಾಜಿದ್ ಅಲಿಯ ಆಸ್ಥಾನದಲ್ಲಿ ಇದ್ದವರು ಅನ್ನೋದು ಗೊತ್ತಿದ್ದರೆ ಆ ದೃಶ್ಯ ಇನ್ನೊಂದು ತೂಕ ಪಡೆಯುತ್ತದೆ. ಕ್ಯಾಮೆರಾ ಕುಣಿಯೋದಿಲ್ಲ. ಕುಣಿಯುವವಳನ್ನು ತಲೆಯಿಂದ ಕಾಲಿನವರೆಗೆ ನೋಡಲು ಬಿಡುತ್ತದೆ. ಈಗಿನ ಸಿನಿಮಾದಲ್ಲಿ ಒಂದು ಹೆಜ್ಜೆಗೆ ಮೂರು ಕಟ್ ಇರುತ್ತದೆ, ಕುಣಿದವರು ಯಾರು, ಕಾಲು ಯಾರದ್ದು ಅಂತಲೂ ತಿಳಿಯೋದಿಲ್ಲ. ಇಲ್ಲಿ ಗೆಜ್ಜೆಯ ಒಂದೊಂದು ಸದ್ದಿಗೂ ಕಾಲು ಕಾಣುತ್ತದೆ.

ಅದೇ ಹೊತ್ತಿಗೆ ಪ್ರಧಾನಮಂತ್ರಿ ರೆಸಿಡೆಂಟನ ಹತ್ತಿರದಿಂದ ಕೆಟ್ಟ ಸುದ್ದಿ ಹೊತ್ತು ಬಂದಿದ್ದಾನೆ. ವಿಕ್ಟರ್ ಬ್ಯಾನರ್ಜಿ ಆ ಪಾತ್ರ. ದೊರೆ ಏಳುವುದಿಲ್ಲ. ನೃತ್ಯ ಮುಗಿಯಬೇಕು. ಮುಗಿದ ಮೇಲೆ ಎದ್ದು ಬಂದು ನೋಡಿದರೆ ಮಂತ್ರಿ ಅಳುತ್ತಿದ್ದಾನೆ. ಗಂಡಸಿನ ಕಣ್ಣಲ್ಲಿ ನೀರು ತರಿಸುವುದಕ್ಕೆ ಕವಿತೆಗೆ, ಸಂಗೀತಕ್ಕೆ ಮಾತ್ರ ಸಾಧ್ಯ ಅನ್ನುವವನು ಈ ದೊರೆ, ಮಂತ್ರಿಯ ಕಣ್ಣೀರಿಗೆ ಕಾರಣ ಬೇರೆ ಅಂತ ಗೊತ್ತಾಗೋಕೆ ಅವನಿಗೆ ಸ್ವಲ್ಪ ಹೊತ್ತು ಬೇಕು. ಈ ಒಂದು ಜಾಗದಲ್ಲೇ ಅವನ ದೊಡ್ಡತನವೂ ದಡ್ಡತನವೂ ಒಟ್ಟಿಗೆ ಕಾಣುತ್ತವೆ. ಯಾವುದು ಯಾವುದು ಅಂತ ಬಿಡಿಸಿ ಹೇಳೋಕೆ ನನಗೆ ಈಗಲೂ ಆಗಿಲ್ಲ.

ಮುಂದೆ ಸಿಂಹಾಸನದ ಮೇಲೆ ಕೂತು ಅವನು ತನ್ನ ಮಂತ್ರಿಗಳ ಜೊತೆ ಮಾತಾಡುವ ಉದ್ದದ ದೃಶ್ಯ ಇದೆ. ಮಾತಾಡುತ್ತಾನೆ ಅನ್ನುವುದಕ್ಕಿಂತ ತನ್ನ ಲೆಕ್ಕ ತಾನೇ ಒಪ್ಪಿಸುತ್ತಾನೆ. ಮೊದಮೊದಲು ಸೈನ್ಯ ಕಟ್ಟಲು ಹೊರಟದ್ದು, ರೆಸಿಡೆಂಟ್ ಅದಕ್ಕೆ ಅಡ್ಡ ಬಂದದ್ದು, ಆಮೇಲೆ ತಾನು ಹಾಡಿಗೆ ತಿರುಗಿದ್ದು, ಸುತ್ತ ಇದ್ದವರು ಮೇಯ್ದದ್ದು. ದನಿ ಏರುತ್ತದೆ, ಇಳಿಯುತ್ತದೆ, ಕೊನೆಗೆ ಲಖನೌ ಬಿಟ್ಟು ಹೋಗುವ ಬಗ್ಗೆ ಒಂದು ಸಾಲು ಹಾಡಾಗಿ ಹೊರಬರುತ್ತದೆ. ಬೇರೆ ಯಾವ ಐತಿಹಾಸಿಕ ಚಿತ್ರದಲ್ಲಾದರೂ ಇಲ್ಲಿ ಕತ್ತಿ ಝಳಪಿಸಬೇಕಿತ್ತು, ಪರದೆ ತುಂಬಾ ಧೂಳು ಏಳಬೇಕಿತ್ತು. ಇಲ್ಲಿ ದೊರೆ ಯುದ್ಧ ಬೇಡ ಅನ್ನುತ್ತಾನೆ. ಫಿರಂಗಿಗಳನ್ನು ಇಳಿಸಿ, ಸೈನಿಕರ ಕೈಯಿಂದ ಆಯುಧ ತೆಗೆಸಿ ಅಂತ ಆಜ್ಞೆ ಕೊಡುತ್ತಾನೆ. ಇದು ಕಲ್ಪನೆ ಅಲ್ಲ, ನಡೆದದ್ದೇ ಹಾಗೆ.

ಎದುರು ಕಡೆ ಆ ರೆಸಿಡೆಂಟ್, ಜನರಲ್ ಔಟ್ರಮ್. ರಿಚರ್ಡ್ ಅಟೆನ್‌ಬರೊ ಮಾಡಿದ್ದಾರೆ. ಕ್ಯಾಪ್ಟನ್ ವೆಸ್ಟನ್ ಆಗಿ ಟಾಮ್ ಆಲ್ಟರ್. ಇವರಿಬ್ಬರ ಮೊದಲ ದೃಶ್ಯ ಬಹಳ ಉದ್ದ, ಕೋಣೆಯೊಳಗಿನ ಮಾತು ಮಾತ್ರ, ಒಂದು ಮಟ್ಟಿಗೆ ನಾಟಕದ ಹಾಗೆ. ಆದರೆ ಕೇಳಿಸಿಕೊಳ್ಳಿ. ದೊರೆ ದಿನಕ್ಕೆ ಎಷ್ಟು ಸಲ ನಮಾಜು ಮಾಡುತ್ತಾನೆ, ಯಾವಾಗ ಗಾಳಿಪಟ ಹಾರಿಸುತ್ತಾನೆ, ಯಾವಾಗ ಕವಿತೆ ಓದುತ್ತಾನೆ ಅಂತ ಔಟ್ರಮ್ ವಿಚಾರಣೆ ಮಾಡುತ್ತಾನೆ, ಆರೋಪಪಟ್ಟಿ ತಯಾರು ಮಾಡುವ ಹಾಗೆ. ವೆಸ್ಟನ್‌ಗೆ ಉರ್ದು ಬರುತ್ತದೆ, ದೊರೆಯ ಕವಿತೆ ಬಾಯಿಪಾಠ, ಒಳಗೊಳಗೆ ಮೆಚ್ಚುಗೆಯೂ ಇದೆ. ಅವನು ಕವಿತೆ ಹೇಳಿದಾಗ ಔಟ್ರಮ್‌ಗೆ ಅದರಲ್ಲಿ ಏನೂ ಕಾಣೋದಿಲ್ಲ. ಆದರೆ ಈ ಔಟ್ರಮ್ ಖಳನಾಯಕ ಅಲ್ಲ, ರಾಯ್ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಒಪ್ಪಂದ ಮುರಿಯುವ ಕೆಲಸ ಅವನಿಗೂ ಇಷ್ಟ ಇಲ್ಲ, ಡಾಕ್ಟರನ ಮುಂದೆ ಅದನ್ನು ತೋಡಿಕೊಳ್ಳುತ್ತಾನೆ, ಬೆಳಗಾದರೆ ಅದೇ ಕೆಲಸ ಮಾಡುತ್ತಾನೆ. ಮೇಲಿನವರು ಹೇಳಿದ್ದು ತಪ್ಪು ಅಂತ ಗೊತ್ತಿದ್ದೂ ಕಾಗದಕ್ಕೆ ಸಹಿ ಹಾಕಿಸುವ ಅಧಿಕಾರಿಗಳನ್ನು ನಾವು ನೋಡಿಲ್ವಾ?

ಇಲ್ಲಿ ರಾಜ್ಯ ಬಿಟ್ಟುಕೊಡುವ ಕಾಗದಕ್ಕೆ ಸಹಿ ಬೀಳೋದಿಲ್ಲ ಅನ್ನೋದು ಬೇರೆ ಮಾತು. ವಾಜಿದ್ ಅಲಿ ತಲೆಯ ಮೇಲಿನ ಕಿರೀಟ ತೆಗೆದು ಔಟ್ರಮ್‌ನ ಮುಂದೆ ಹಿಡಿಯುತ್ತಾನೆ. ಇದನ್ನು ಕೊಡಬಲ್ಲೆ, ಸಹಿ ಕೊಡಲಾರೆ. ಆ ಹೊತ್ತಿಗೆ ಅಟೆನ್‌ಬರೊ ಮುಖ ನೋಡಬೇಕು. ಕಾಗದ ಹಿಡಿದುಕೊಂಡು ಬಂದ ಮನುಷ್ಯನಿಗೆ ಕಿರೀಟ ಏನು ಮಾಡಬೇಕು ಅಂತ ಗೊತ್ತಿಲ್ಲ. ಇದಕ್ಕೂ ಮುಂಚೆ ಪರದೆಯ ಹಿಂದಿನಿಂದ ರಾಜಮಾತೆ ಔಟ್ರಮ್‌ನನ್ನು ತರಾಟೆಗೆ ತೆಗೆದುಕೊಳ್ಳುವ ದೃಶ್ಯ ಇದೆ, ವೀಣಾ ಆ ಪಾತ್ರದಲ್ಲಿ. ಇಡೀ ಸಿನಿಮಾದಲ್ಲಿ ಬೆನ್ನುಮೂಳೆ ಇರುವವಳು ಅವಳೊಬ್ಬಳೇ ಅಂದರೂ ನಡೆಯುತ್ತೆ. ನಿಜ ಚರಿತ್ರೆಯಲ್ಲಿ ಆಕೆ ಮಗನ ಪರವಾಗಿ ವಿಕ್ಟೋರಿಯಾ ರಾಣಿಯನ್ನೇ ಕಾಣಲು ಲಂಡನ್ನಿಗೆ ಹೋದರು. ವಾಪಸ್ಸು ಬರಲಿಲ್ಲ, 1858ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ವಾಜಿದ್ ಅಲಿ ಕಲ್ಕತ್ತೆಯ ಮಟಿಯಾಬುರ್ಜ್‌ನಲ್ಲಿ ಒಂದು ಪುಟ್ಟ ಲಖನೌ ಕಟ್ಟಿಕೊಂಡು 1887ರವರೆಗೆ ಬದುಕಿದ. ಸಿನಿಮಾ ಇದ್ಯಾವುದನ್ನೂ ತೋರಿಸೋದಿಲ್ಲ. 1857 ಅನ್ನೋದನ್ನೂ ತೋರಿಸೋದಿಲ್ಲ. ಒಂದೇ ವರ್ಷದಲ್ಲಿ ಇದೇ ಲಖನೌ ಹೊತ್ತಿ ಉರಿಯುತ್ತದೆ, ಇದೇ ಔಟ್ರಮ್ ಮುತ್ತಿಗೆ ಬಿಡಿಸಲು ಬಂದು ತಾನೇ ಒಳಗೆ ಸಿಕ್ಕಿಕೊಳ್ಳುತ್ತಾನೆ ಅನ್ನೋದು ನೋಡುವವರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ.

ಕಣ್ಣಿಗೆ ಹಬ್ಬ ಅನ್ನೋದು ಸವೆದ ಮಾತು, ಆದರೆ ಬೇರೆ ಹೇಗೆ ಹೇಳಲಿ? ಕಲಾನಿರ್ದೇಶನ ಬನ್ಸಿ ಚಂದ್ರಗುಪ್ತ ಅವರದ್ದು, ಕ್ಯಾಮೆರಾ ಸೌಮೇಂದು ರಾಯ್. ಛಾಯಾಗ್ರಹಣಕ್ಕೆ ಆ ವರ್ಷದ ರಾಷ್ಟ್ರಪ್ರಶಸ್ತಿಯೂ ಬಂತು. ಮಿರ್ಜಾನ ಕೋಣೆಯ ಬಣ್ಣ ಒಂದು, ಅರಮನೆಯ ಬಣ್ಣ ಇನ್ನೊಂದು, ಔಟ್ರಮ್‌ನ ಕಚೇರಿಯಲ್ಲಿ ಬಣ್ಣವೇ ಕಮ್ಮಿ. ಶಾಲು ನೋಡಿ. ಚಳಿಗಾಲದ ಕತೆ ಆದ್ದರಿಂದ ಎಲ್ಲರ ಹೆಗಲ ಮೇಲೂ ಶಾಲು ಇದೆ. ಒಬ್ಬೊಬ್ಬರು ಹೊದೆಯುವ ರೀತಿಯೇ ಬೇರೆ. ಮಿರ್ಜಾನದ್ದು ಜಾರುತ್ತಲೇ ಇರುತ್ತದೆ, ಎಳೆದುಕೊಳ್ಳುತ್ತಲೇ ಇರುತ್ತಾನೆ. ಮುಂದೆ ಅದೇ ಶಾಲಿಗೆ ಗುಂಡು ತಾಗುತ್ತದೆ. ಹೀಗಿರುವ ಸಣ್ಣ ಸಣ್ಣ ಲೆಕ್ಕ ಎಷ್ಟೋ ಇವೆ, ಹುಡುಕಿಕೊಂಡು ಹೋದರೆ ಸಿಗುತ್ತವೆ.

ಕೊರತೆ ಇಲ್ಲ ಅಂತಲ್ಲ. ಅರಮನೆಯ ಕತೆ, ಚದುರಂಗದವರ ಕತೆ ಎರಡೂ ಪಕ್ಕಪಕ್ಕದಲ್ಲಿ ಹರಿಯುತ್ತವೆ, ಒಂದನ್ನೊಂದು ಮುಟ್ಟುವುದು ಕಡಿಮೆ. ಬೇಕಂತಲೇ ಮಾಡಿದ್ದು ಅನ್ನೋದು ಗೊತ್ತು, ಆದರೂ ನಡುವಿನಲ್ಲಿ ಒಂದೆರಡು ಕಡೆ ಎಳೆ ಬಿಟ್ಟ ಹಾಗೆ ಆಗುತ್ತದೆ. ಜೂಮ್ ಹಾಕಿ ಮುಖಕ್ಕೆ ನುಗ್ಗುವ ಎಪ್ಪತ್ತರ ದಶಕದ ಚಾಳಿ ಇಲ್ಲೂ ಇದೆ, ಅಷ್ಟು ನಯದ ಚಿತ್ರದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಮೀರ್‌ನ ಹೆಂಡತಿ ನಫೀಸಾ ಮತ್ತು ಅವಳ ಪ್ರಿಯಕರ ಆಕಿಲ್‌ನ ಪ್ರಸಂಗ, ಅಂದರೆ ಫರೀದಾ ಜಲಾಲ್, ಫಾರೂಕ್ ಶೇಖ್, ನಗಿಸುತ್ತದೆ. ಮಂಚದ ಕೆಳಗೆ ಸಿಕ್ಕಿಬಿದ್ದವನು ಸೈನ್ಯಕ್ಕೆ ಹಿಡಿದುಕೊಂಡು ಹೋಗ್ತಾರೆ ಅಂತ ಅಡಗಿದ್ದೆ ಅನ್ನುತ್ತಾನೆ, ಗಂಡ ಅದನ್ನು ನಂಬುತ್ತಾನೆ, ನಂಬಿದ ಮೇಲೆ ತಾನೇ ಹೆದರುತ್ತಾನೆ! ಆದರೆ ಹೆಂಗಸರಿಬ್ಬರೂ ಅರ್ಧಕ್ಕೇ ಕಾಣೆಯಾಗುತ್ತಾರೆ. ಶಬಾನಾ ಅಷ್ಟು ಚೆನ್ನಾಗಿ ಮಾಡಿರುವಾಗ ಇನ್ನೆರಡು ದೃಶ್ಯ ಕೊಡಬಾರದಿತ್ತಾ ಅನ್ನಿಸಿತು. ವಾಜಿದ್ ಅಲಿಯನ್ನು ತೋರಿಸಿದ ರೀತಿಗೆ ಆ ಕಾಲದಲ್ಲೇ ಆಕ್ಷೇಪ ಎದ್ದಿತ್ತು, ರಾಯ್ ಪತ್ರಿಕೆಯಲ್ಲಿ ಉತ್ತರವನ್ನೂ ಕೊಟ್ಟಿದ್ದರು. ನನಗಂತೂ ಅವನ ಮೇಲೆ ಅನ್ಯಾಯ ಆಗಿದೆ ಅನ್ನಿಸಲಿಲ್ಲ. ಅವನ ತಪ್ಪುಗಳನ್ನು ಅವನ ಬಾಯಿಂದಲೇ ಹೇಳಿಸಿದ್ದಾರೆ, ಅದಕ್ಕಿಂತ ಮರ್ಯಾದೆ ಏನು ಬೇಕು?

ನಾನು ನೋಡಿದ ಪ್ರತಿಯ ಸಬ್‌ಟೈಟಲ್ ಮಾತ್ರ ದಂಡ. ಉದ್ದದ ಉರ್ದು ಮಾತಿಗೆ ಮೂರು ಪದದ ಇಂಗ್ಲಿಷ್. ಆ ಉಪಚಾರ, ಆ ಹೊಗಳಿಕೆ, ಹೊಗಳಿಕೆಯ ಒಳಗಿನ ಚುಚ್ಚು, ಎಲ್ಲ ಹಾರಿಹೋಗಿದೆ. ನಿಮಗೆ ಹಿಂದಿ ಸುಮಾರಾಗಿ ಬರುತ್ತಿದ್ದರೆ ಸಬ್‌ಟೈಟಲ್ ತೆಗೆದು ನೋಡಿ, ಅರ್ಧ ತಿಳಿಯದಿದ್ದರೂ ಪರವಾಗಿಲ್ಲ, ಮುಖಗಳು ಉಳಿದದ್ದನ್ನು ಹೇಳುತ್ತವೆ. ಮೊಬೈಲಿನಲ್ಲಿ ನೋಡಬೇಡಿ. ಸ್ವಚ್ಛಗೊಳಿಸಿದ ಒಳ್ಳೆಯ ಪ್ರತಿ ಸಿಕ್ಕರೆ ಮಾತ್ರ ನೋಡಿ, ಬಣ್ಣ ಮಾಸಿದ ಪ್ರತಿಯಲ್ಲಿ ಅರ್ಧ ಸಿನಿಮಾ ಹೋಗಿಬಿಡುತ್ತದೆ. ರಾತ್ರಿ ಊಟ ಮುಗಿಸಿ ಕೂತರೆ ಔಟ್ರಮ್ ಬರುವ ಹೊತ್ತಿಗೆ ನಿದ್ದೆ ಗ್ಯಾರಂಟಿ, ಬೆಳಗ್ಗೆ ನೋಡಿ. ಚದುರಂಗ ಬರಲೇಬೇಕು ಅಂತೇನಿಲ್ಲ.

ಕೊನೆಯ ಭಾಗದ ಬಗ್ಗೆ ಬರೆಯಬೇಕು, ಕತೆ ಹೇಳಿಬಿಟ್ಟೆ ಅಂತ ಬೈಯಬೇಡಿ. ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಮನೆಯಲ್ಲಿ ಆಡೋಕೆ ಆಗದೆ ಇಬ್ಬರೂ ಗೋಮತಿ ದಾಟಿ ಒಂದು ಹಳ್ಳಿ ಕಡೆ ಹೋಗುತ್ತಾರೆ. ಪ್ರೇಮಚಂದ್ ಕತೆಯಲ್ಲಿ ಅವರು ಕೂರುವುದು ಅಲ್ಲೊಂದು ಹಳೆಯ, ಪಾಳುಬಿದ್ದ ಮಸೀದಿಯಲ್ಲಿ. ಸಿನಿಮಾದಲ್ಲಿ ಮೀರ್ ಸಾಹೇಬರು ಅಂಥದ್ದೇ ಒಂದು ಮಸೀದಿ ಹುಡುಕುತ್ತಾರೆ, ಅದು ಅಲ್ಲಿ ಇಲ್ಲವೇ ಇಲ್ಲ. ಕತೆ ಓದಿದವರನ್ನು ನೋಡಿ ರಾಯ್ ಕಣ್ಣು ಮಿಟುಕಿಸಿದ ಹಾಗಿದೆ. ಕಲ್ಲೂ ಅನ್ನುವ ಹುಡುಗ ಒಬ್ಬ ಸಿಗುತ್ತಾನೆ, ಹುಕ್ಕಾ ತಂದುಕೊಡುತ್ತಾನೆ, ಊಟ ತರಲು ಓಡುತ್ತಾನೆ. ದೊರೆಗಾಗಿ ಯಾರೂ ಹೋರಾಡಲಿಲ್ಲವಲ್ಲ ಅಂತ ನೊಂದುಕೊಳ್ಳುವವನು ಅವನೊಬ್ಬನೇ. ಆಟದಲ್ಲಿ ಜಗಳ ಹತ್ತುತ್ತದೆ. ಮನೆತನದ ಮಾತು, ಹೆಂಡತಿಯ ಮಾತು ಬರುತ್ತದೆ. ಮೀರ್ ಪಿಸ್ತೂಲು ಎತ್ತುತ್ತಾನೆ, ಗುಂಡು ಹಾರಿಯೂ ಬಿಡುತ್ತದೆ. ಹಿಂದೆ ಕಂಪನಿಯ ಸೈನ್ಯ ಸಾಲುಸಾಲಾಗಿ ಲಖನೌ ಕಡೆ ಹೋಗುತ್ತಿದೆ.

ಪ್ರೇಮಚಂದ್ ಇವರಿಬ್ಬರ ಕೈಗೆ ಕತ್ತಿ ಕೊಟ್ಟು ಒಬ್ಬರನ್ನೊಬ್ಬರು ಕೊಲ್ಲಿಸುತ್ತಾರೆ. ರಾಜ್ಯಕ್ಕಾಗಿ ಒಂದು ಹನಿ ಕಣ್ಣೀರು ಹಾಕದವರು ಚದುರಂಗದ ಮಂತ್ರಿಗಾಗಿ ಪ್ರಾಣ ಬಿಟ್ಟರು ಅನ್ನುವುದು ಅವರ ಚಾಟಿಯೇಟು. ರಾಯ್ ಕೊಲ್ಲುವುದಿಲ್ಲ. ಗುಂಡು ಶಾಲು ಹರಿದು, ತೋಳು ತರಚಿಕೊಂಡು ಹೋಗುತ್ತದೆ ಅಷ್ಟೇ. ಇಬ್ಬರೂ ನಾಚಿಕೊಳ್ಳುತ್ತಾರೆ, ಹೆಂಡಿರನ್ನೇ ನಿಭಾಯಿಸಲಾಗದವರು ಕಂಪನಿಯ ಸೈನ್ಯವನ್ನು ಎಲ್ಲಿ ಎದುರಿಸುತ್ತಾರೆ ಅಂತ ತಮ್ಮನ್ನು ತಾವೇ ಆಡಿಕೊಳ್ಳುತ್ತಾರೆ, ಕತ್ತಲಾದ ಮೇಲೆ ಮನೆಗೆ ಹೋಗೋಣ ಅಂದುಕೊಳ್ಳುತ್ತಾರೆ. ಆಮೇಲೆ ಕಾಯಿ ಜೋಡಿಸುತ್ತಾರೆ, ಈ ಸಲ ಇಂಗ್ಲಿಷರ ಪದ್ಧತಿಯಲ್ಲಿ. ಮಂತ್ರಿ ಜಾಗ ಬಿಡಬೇಕು, ವಿಕ್ಟೋರಿಯಾ ರಾಣಿ ದಯಮಾಡಿಸುತ್ತಿದ್ದಾರೆ.

ಯಾವ ಕೊನೆ ಮೇಲು ಅಂತ ಪ್ರೇಮಚಂದ್ ಅಭಿಮಾನಿಗಳ ಜೊತೆ ವಾದ ಹಾಕೋಕೆ ನಾನು ಸಿದ್ಧ. ಸತ್ತರೆ ಅವರಿಗೆ ಒಂದು ಬಗೆಯ ಗೌರವ ಸಿಕ್ಕಿಬಿಡುತ್ತದೆ, ಪುಕ್ಕಲರಾದರೂ ಕತ್ತಿ ಹಿಡಿದು ಸತ್ತರು ಅಂತ. ಬದುಕಿ ಉಳಿದು, ಹೊಸ ಪದ್ಧತಿಯಲ್ಲಿ ಅದೇ ಆಟ ಮುಂದುವರಿಸುವುದು ಅದಕ್ಕಿಂತ ಕಠೋರ, ಮತ್ತು ನನ್ನ ಲೆಕ್ಕದಲ್ಲಿ ಅದಕ್ಕಿಂತ ನಿಜ. ಮೊದಲು ಸಿನಿಮಾ ನೋಡಿ, ಆಮೇಲೆ ಕತೆ ಓದಿ. ಒಂದೇ ಕೂತಲ್ಲಿ ಮುಗಿಯುವಷ್ಟು ಚಿಕ್ಕದು. ಓದಿ ಪ್ರೇಮಚಂದರ ಪರ ನಿಂತರೆ ಹೇಳಿ, ಜಗಳ ಆಡೋಣ, ಪಿಸ್ತೂಲು ಬೇಡ.